ಟೈರಿನ ಹಿಡಿತ: ವಯಸ್ಸು ಮತ್ತು ಶಾಖದ ಲೆಕ್ಕಾಚಾರ

2013ರ ನವೆಂಬರ್ 30ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಕ್ಲಾರಿಟಾದಲ್ಲಿ ಪೋರ್ಷೆ ಕರೇರಾ ಜಿಟಿ ಕಾರೊಂದು ನಿಯಂತ್ರಣ ತಪ್ಪಿ ರಸ್ತೆಬದಿಯ ಕಂಬ ಹಾಗೂ ಮರಗಳಿಗೆ ಅಪ್ಪಳಿಸಿತು. ಹಾಲಿವುಡ್ ನಟ ಪಾಲ್ ವಾಕರ್ ಮತ್ತು ಕಾರು ಚಲಾಯಿಸುತ್ತಿದ್ದ ಅವರ ಸ್ನೇಹಿತ ಅಸುನೀಗಿದರು. ಗಂಟೆಗೆ 72 ಕಿ.ಮೀ. ಮಿತಿಯಿದ್ದ ರಸ್ತೆಯಲ್ಲಿ ಕಾರು ಸುಮಾರು 130ರಿಂದ 150 ಕಿ.ಮೀ. ವೇಗದಲ್ಲಿತ್ತು ಎಂದು 2014ರ ಮಾರ್ಚ್‌ನಲ್ಲಿ ಹೊರಬಿದ್ದ ತನಿಖಾ ವರದಿ ತಿಳಿಸಿತು. ಅತಿವೇಗವೇ ಕಾರಣವೆಂದ ಅದೇ ವರದಿ ಇನ್ನೊಂದು ಸಂಗತಿಯನ್ನೂ ದಾಖಲಿಸಿತು. ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು. ಅದರಿಂದ ಕಾರಿನ ನಿಯಂತ್ರಣ ಗುಣ ಕುಂದಿದ್ದಿರಬಹುದು ಎಂಬುದು ತನಿಖಾಧಿಕಾರಿಗಳ ಅಭಿಪ್ರಾಯ.

ಟೈರು ಎಷ್ಟು ಸವೆದಿದೆ ಎಂದು ನೋಡುವವರು ಬಹಳ. ಅದಕ್ಕೆ ಎಷ್ಟು ವಯಸ್ಸಾಗಿದೆ, ಎಷ್ಟು ಬಿಸಿಲು ಕಂಡಿದೆ ಎಂದು ವಿಚಾರಿಸುವವರು ವಿರಳ. ಹಿಡಿತವೇ ಮುಖ್ಯ ಗುಣವಾಗಿರುವ ಉನ್ನತ ಕಾರ್ಯಕ್ಷಮತೆಯ ಬೇಸಿಗೆ ಟೈರುಗಳ ವಿಷಯದಲ್ಲಂತೂ ಈ ಎರಡು ಪ್ರಶ್ನೆಗಳು ಸವಕಳಿಯಷ್ಟೇ ಮಹತ್ವದವು.

ಬೇಸಿಗೆ ಟೈರು ಎಂದರೇನು?

ಹಿಮ ಬೀಳುವ ದೇಶಗಳಲ್ಲಿ ಟೈರುಗಳನ್ನು ಬೇಸಿಗೆ, ಚಳಿಗಾಲ ಮತ್ತು ಸರ್ವಋತು ಎಂದು ವಿಂಗಡಿಸುತ್ತಾರೆ. ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೇಸಿಗೆ ಟೈರು ಕಳಚಿ ಚಳಿಗಾಲದ ಟೈರು ತೊಡಿಸಬೇಕೆಂಬುದು ಯುರೋಪಿನಲ್ಲಿ ರೂಢಿಯಲ್ಲಿರುವ ಸಲಹೆ. ನಮ್ಮ ನಾಡಿನಲ್ಲಿ ಈ ವಿಂಗಡಣೆಯ ಅಗತ್ಯವೇ ಬಿದ್ದಿಲ್ಲ. ಆದರೆ ದುಬಾರಿ ಹಾಗೂ ವೇಗದ ಕಾರುಗಳೊಂದಿಗೆ ಇಲ್ಲಿಗೆ ಬರುವ ಟೈರುಗಳಲ್ಲಿ ಬಹುಪಾಲು ಇದೇ ಜಾತಿಯವು. ಅಗಲವಾದ ಮೈ, ಗಿಡ್ಡ ಪಕ್ಕೆ, ದೊಡ್ಡ ಟ್ರೆಡ್ ತುಂಡುಗಳು ಹಾಗೂ ರಸ್ತೆಗೆ ಅಂಟಿಕೊಳ್ಳುವ ರಬ್ಬರ್ ಮಿಶ್ರಣ ಇವುಗಳ ಲಕ್ಷಣ.

ಹಿಡಿತ ಹುಟ್ಟುವ ಬಗೆ

ರಬ್ಬರಿನ ಹಿಡಿತಕ್ಕೆ ಎರಡು ಮೂಲಗಳಿವೆ. ಮೊದಲನೆಯದು ಅಂಟು. ರಬ್ಬರಿನ ಅಣುಗಳು ರಸ್ತೆಯ ಮೇಲ್ಮೈಯೊಂದಿಗೆ ಕ್ಷಣಮಾತ್ರ ಬೆಸೆದು, ಹಿಗ್ಗಿ, ಬಿಡಿಸಿಕೊಳ್ಳುತ್ತವೆ. ಎರಡನೆಯದು ಒತ್ತು. ಜಲ್ಲಿಯ ಉಬ್ಬುತಗ್ಗುಗಳ ಮೇಲೆ ರಬ್ಬರ್ ತಗ್ಗಿ, ಮತ್ತೆ ಮೊದಲಿನ ಆಕಾರಕ್ಕೆ ಮರಳಲು ಕೊಂಚ ತಡಮಾಡುತ್ತದೆ. ಆ ತಡದಲ್ಲಿ ನಷ್ಟವಾಗುವ ಶಕ್ತಿಯೇ ಜಾರುವಿಕೆಗೆ ತಡೆಯೊಡ್ಡುತ್ತದೆ. ರಸ್ತೆ ಒದ್ದೆಯಾದಾಗ ನೀರಿನ ಪದರ ಅಂಟನ್ನು ಕೆಡಿಸುವುದರಿಂದ ಹಿಡಿತದ ಹೆಚ್ಚಿನ ಹೊಣೆ ಎರಡನೆಯ ಬಗೆಯ ಮೇಲೆ ಬೀಳುತ್ತದೆ.

ಈ ಎರಡೂ ಕ್ರಿಯೆಗಳು ಉಷ್ಣಾಂಶ ಮತ್ತು ಜಾರುವ ವೇಗಗಳನ್ನು ಒಟ್ಟಿಗೇ ಅವಲಂಬಿಸಿವೆ ಎಂಬುದನ್ನು ಕೆ. ಎ. ಗ್ರೋಷ್ 1963ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿಕೊಟ್ಟವು. ಒಂದು ನಿರ್ದಿಷ್ಟ ಉಷ್ಣಾಂಶಕ್ಕಿಂತ ಕೆಳಗೆ ರಬ್ಬರ್ ಗಾಜಿನಂತೆ ಗಡುಸಾಗುತ್ತದೆ. ಅತಿಯಾಗಿ ಕಾದರೆ ಮೆದುವಾಗಿ ಬಲಗುಂದುತ್ತದೆ. ಉತ್ತಮ ಹಿಡಿತ ಸಿಗುವುದು ಇವೆರಡರ ನಡುವಿನ ಅವಕಾಶದಲ್ಲಿ ಮಾತ್ರ. ಆ ಅವಕಾಶ ಎಲ್ಲಿರಬೇಕೆಂದು ನಿರ್ಧರಿಸುವುದೇ ಮಿಶ್ರಣ ತಜ್ಞರ ಕೆಲಸ. ಬೇಸಿಗೆ ಟೈರಿನಲ್ಲಿ ಅದನ್ನು ಬಿಸಿಯ ಕಡೆಗೆ ಸರಿಸಿರುತ್ತಾರೆ. ಹೀಗಾಗಿಯೇ ತೀವ್ರ ಚಳಿಯಲ್ಲಿ ಇಂಥ ಟೈರಿನ ಟ್ರೆಡ್ ಬಿರುಕು ಬಿಡಬಹುದೆಂದು ತಯಾರಕರು ಎಚ್ಚರಿಸುತ್ತಾರೆ.

ಶಾಖ: ಮಿತ್ರನೂ ಹೌದು, ಶತ್ರುವೂ ಹೌದು

ಸ್ಪರ್ಧಾ ಕಾರುಗಳ ಟೈರುಗಳನ್ನು ಓಟಕ್ಕೆ ಮೊದಲೇ ವಿದ್ಯುತ್ ಹೊದಿಕೆಯಲ್ಲಿ ಸುತ್ತಿ ಬಿಸಿ ಮಾಡುವುದನ್ನು ದೂರದರ್ಶನದಲ್ಲಿ ಕಂಡವರಿದ್ದಾರೆ. ಅವು ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿ ಉತ್ತಮ ಹಿಡಿತ ನೀಡುವಂತೆ ರೂಪುಗೊಂಡಿರುತ್ತವೆ. ರಸ್ತೆಯ ಬೇಸಿಗೆ ಟೈರಿಗೆ ಅಷ್ಟು ಬಿಸಿ ಬೇಕಿಲ್ಲ. ಆದರೂ ಮನೆಯಿಂದ ಹೊರಟ ಮೊದಲ ಕೆಲವು ಕಿಲೋಮೀಟರ್‌ಗಳಲ್ಲಿ ಅದರ ಹಿಡಿತ ಪೂರ್ಣವಾಗಿರುವುದಿಲ್ಲ.

ಮಿತಿ ಮೀರಿದ ಶಾಖ ಬೇರೆಯದೇ ಪರಿಣಾಮ ಬೀರುತ್ತದೆ. ಸ್ಪರ್ಧಾಪಥದಲ್ಲಿ ಸುತ್ತು ಹಾಕಿದಂತೆಲ್ಲ ಟ್ರೆಡ್ ಜಿಡ್ಡುಜಿಡ್ಡಾಗಿ ಕಾರು ಜಾರತೊಡಗುವುದು ಅನುಭವಸ್ಥರಿಗೆ ಗೊತ್ತಿರುವ ವಿಷಯ. ತಣಿದ ಮೇಲೆ ಹಿಡಿತ ಮರಳಿದರೂ ಅದು ಪೂರ್ತಿ ಮೊದಲಿನಂತಿರುವುದಿಲ್ಲ. ಹೀಗೆ ಒಮ್ಮೆ ಚೆನ್ನಾಗಿ ಕಾದು ತಣಿಯುವುದಕ್ಕೆ ಶಾಖ ಚಕ್ರ ಎಂದು ಹೆಸರು. ಹೊಸ ಟೈರಿನ ಮೊದಲ ಚಕ್ರದಲ್ಲಿ ರಬ್ಬರಿನ ದುರ್ಬಲ ಬಂಧಗಳು ಮುರಿಯುತ್ತವೆ. ಒಂದು ದಿನ ವಿಶ್ರಾಂತಿ ಕೊಟ್ಟರೆ ಅವು ಹೆಚ್ಚು ಸಮನಾಗಿ ಮತ್ತೆ ಕೂಡಿಕೊಳ್ಳುತ್ತವೆ. ಸ್ಪರ್ಧಿಗಳು ಹೊಸ ಟೈರನ್ನು ಒಮ್ಮೆ ಹದವಾಗಿ ಕಾಯಿಸಿ 24 ಗಂಟೆ ಬದಿಗಿಡುವುದು ಈ ಕಾರಣಕ್ಕೆ. ಆದರೆ ಚಕ್ರಗಳ ಸಂಖ್ಯೆ ಹೆಚ್ಚಿದಂತೆ ರಬ್ಬರ್ ಗಡುಸಾಗುತ್ತ ಹೋಗುತ್ತದೆ. ಕೊನೆಗೆ ಟ್ರೆಡ್ ಸಾಕಷ್ಟು ಉಳಿದಿದ್ದರೂ ಹಿಡಿತ ಮಾತ್ರ ಉಳಿದಿರುವುದಿಲ್ಲ.

ವಯಸ್ಸು ಮಾಡುವ ಕೆಲಸ

ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಿಧಾನದ ಸಾರವೆಂದರೆ, ಗಂಧಕ ಬೆರೆಸಿ ಕಾಯಿಸಿದಾಗ ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಅಡ್ಡಕೊಂಡಿಗಳು ಏರ್ಪಡುವುದು. ಕೊಂಡಿ ಕಡಿಮೆಯಾದರೆ ರಬ್ಬರ್ ಅಂಟಂಟು, ಹೆಚ್ಚಾದರೆ ಗಡುಸು. ಕಾರ್ಖಾನೆಯಲ್ಲಿ ಹದ ನೋಡಿ ನಿಲ್ಲಿಸಿದ ಈ ಕ್ರಿಯೆ ಟೈರು ಹೊರಬಂದ ಮೇಲೂ ನಿಧಾನವಾಗಿ ಮುಂದುವರಿಯುತ್ತದೆ. ಗಾಳಿಯ ಆಮ್ಲಜನಕ ರಬ್ಬರಿನೊಳಕ್ಕೆ ಇಳಿದು ಹೊಸ ಕೊಂಡಿಗಳನ್ನು ಹೆಣೆಯುತ್ತದೆ. ಮಿಶ್ರಣವನ್ನು ಮೃದುವಾಗಿಟ್ಟಿದ್ದ ತೈಲಾಂಶ ಕ್ರಮೇಣ ಹೊರಟುಹೋಗುತ್ತದೆ. ಓಝೋನ್ ಅನಿಲ ಹಿಗ್ಗಿದ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳನ್ನು ತೆರೆಯುತ್ತದೆ.

ಇದನ್ನು ತಡೆಯಲೆಂದೇ ತಯಾರಕರು ಮೇಣ ಹಾಗೂ 6ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಹಳೆಯ ಟೈರಿನ ಪಕ್ಕೆ ಕಂದು ಬಣ್ಣಕ್ಕೆ ತಿರುಗುವುದಕ್ಕೆ ಇದೇ ಕಾರಣ. ಟೈರು ಉರುಳುತ್ತ ಬಾಗಿದಾಗ ಈ ರಕ್ಷಕಗಳು ಮೇಲ್ಮೈಗೆ ಬರುತ್ತಿರುತ್ತವೆ. ನಿಂತಲ್ಲೇ ನಿಂತ ಕಾರಿಗೆ ಆ ಅನುಕೂಲವಿಲ್ಲ. ಭಾನುವಾರವಷ್ಟೇ ಹೊರಗೆ ತೆಗೆಯುವ ಕಾರಿನ ಟೈರು ಸವೆಯದೆಯೇ ಮುಪ್ಪಾಗುವುದು ಹೀಗೆ.

ಈ ಎರಡೂ ಕಥೆಗಳು ಒಂದೆಡೆ ಸೇರುತ್ತವೆ. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಸೂತ್ರ. ಈ ಲೆಕ್ಕದಲ್ಲಿ 25 ಡಿಗ್ರಿಯ ನೆರಳಿನಲ್ಲಿರುವ ಟೈರಿಗಿಂತ 45 ಡಿಗ್ರಿ ಬಿಸಿಯಲ್ಲಿರುವ ಟೈರು ನಾಲ್ಕು ಪಟ್ಟು ಬೇಗ ಮುಪ್ಪಾಗಬೇಕು. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲಿಗೆ ನಿಂತ ಕಪ್ಪು ಟೈರಿನ ಉಷ್ಣಾಂಶ ಅದಕ್ಕಿಂತಲೂ ಮೇಲಿರುತ್ತದೆ.

ಅಂಕಿ ಅಂಶಗಳು ಹೇಳುವುದೇನು?

ಅಮೆರಿಕದಲ್ಲಿ 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಸಂಸ್ಥೆ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡ ಬಳಿಕ ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಟೈರಿನ ಮುಪ್ಪನ್ನು ಕುರಿತು ವ್ಯಾಪಕ ಅಧ್ಯಯನ ಕೈಗೊಂಡಿತು. ಬಿಸಿಲಿಗೆ ಹೆಸರಾದ ಅರಿಝೋನಾದ ಫೀನಿಕ್ಸ್ ನಗರದಿಂದ ಬಳಸಿದ ಟೈರುಗಳನ್ನು ಸಂಗ್ರಹಿಸಿ ಪರೀಕ್ಷಿಸಿತು. 2007ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ದೊಡ್ಡ ವಿಮಾ ಕಂಪನಿಯೊಂದರ ಅಂಕಿಗಳನ್ನು ಉಲ್ಲೇಖಿಸಿತು. ಆ ಕಂಪನಿಯ ಪಾಲಿಸಿದಾರರಲ್ಲಿ ಶೇ. 27ರಷ್ಟು ಮಂದಿ ಮಾತ್ರ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಲೂಸಿಯಾನಾ, ಅರಿಝೋನಾ ಎಂಬ ಐದು ಬಿಸಿ ರಾಜ್ಯಗಳವರು. ಆದರೆ ಟೈರಿಗೆ ಸಂಬಂಧಿಸಿದ ಪರಿಹಾರ ಅರ್ಜಿಗಳಲ್ಲಿ ಶೇ. 77ರಷ್ಟು ಬಂದದ್ದು ಅಲ್ಲಿಂದಲೇ. ಅವುಗಳಲ್ಲಿ ಶೇ. 84ರಷ್ಟು ಟೈರುಗಳಿಗೆ ಆರು ವರ್ಷ ಮೀರಿತ್ತು.

ಇವು ಟೈರು ಒಡೆದ ಅಥವಾ ಪದರ ಬಿಟ್ಟ ಪ್ರಕರಣಗಳ ಅಂಕಿಗಳೇ ಹೊರತು ಜಾರಿದ ಪ್ರಕರಣಗಳದ್ದಲ್ಲ ಎಂಬುದನ್ನು ಗಮನಿಸಬೇಕು. ಆದರೆ ಒಳಪದರವನ್ನು ಸಡಿಲಿಸುವ ಆಮ್ಲಜನಕ ಮತ್ತು ಶಾಖಗಳೇ ಮೇಲಿನ ಟ್ರೆಡ್ಡನ್ನು ಗಡುಸುಗೊಳಿಸುವುದು. ಒಡೆಯುವ ಮುನ್ನವೇ ಹಿಡಿತ ಕುಂದಿರುತ್ತದೆ, ಅದಕ್ಕೆ ಸದ್ದಿಲ್ಲ ಅಷ್ಟೆ. ಗಡುಸಾದ ರಬ್ಬರ್ ಜಲ್ಲಿಯ ಉಬ್ಬುತಗ್ಗುಗಳೊಳಕ್ಕೆ ಇಳಿಯುವುದಿಲ್ಲವಾದ್ದರಿಂದ ಪೆಟ್ಟು ಹೆಚ್ಚಾಗಿ ಬೀಳುವುದು ಒದ್ದೆ ರಸ್ತೆಯ ಹಿಡಿತದ ಮೇಲೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಂದ ಟೈರು ಜೂನ್‌ನ ಮುಂಗಾರು ಮಳೆಗೆ ಮುಖ ಕೊಡಬೇಕಾದ ನಮ್ಮ ರಸ್ತೆಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಟೈರಿನ ಜಾತಕ ಓದುವುದು

ಟೈರಿನ ಪಕ್ಕೆಯ ಮೇಲೆ ಡಿ.ಒ.ಟಿ. ಎಂದು ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಮೊದಲಿನ ಟೈರು. ಈ ಅಂಕಿಗಳು ಕೆಲವೊಮ್ಮೆ ಒಂದೇ ಪಕ್ಕೆಯಲ್ಲಿದ್ದು, ಜೋಡಿಸುವಾಗ ಒಳಮುಖವಾಗಿರಲೂಬಹುದು.

ಇನ್ನು ಶ್ರೇಣಿಗಳು. ಟೆಂಪರೇಚರ್ ಎಂಬ ಪದದ ಮುಂದೆ ‘ಎ’ ಇದ್ದರೆ ಟೈರು ಗಂಟೆಗೆ 185 ಕಿ.ಮೀ.ಗೂ ಮೇಲಿನ ವೇಗದಲ್ಲಿ ಉಂಟಾಗುವ ಶಾಖವನ್ನು ತಾಳಬಲ್ಲದು ಎಂದರ್ಥ. ಬಿಸಿಯಲ್ಲಿ ಹಿಡಿತ ಚೆನ್ನಾಗಿರುತ್ತದೆ ಎಂದು ಅರ್ಥವಲ್ಲ. ಟ್ರ್ಯಾಕ್ಷನ್ ಶ್ರೇಣಿ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನಷ್ಟೇ ಅಳೆಯುತ್ತದೆ, ತಿರುವಿನದನ್ನಲ್ಲ. ಟ್ರೆಡ್‌ವೇರ್ ಸಂಖ್ಯೆ ಬಾಳಿಕೆಯ ಸೂಚಕ. ಸ್ಪರ್ಧಾಪಥಕ್ಕೂ ಒಗ್ಗುವ ಟೈರುಗಳಲ್ಲಿ ಅದು 200 ಅಥವಾ ಅದಕ್ಕೂ ಕಡಿಮೆ. ಈ ಯಾವ ಶ್ರೇಣಿಯೂ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲವೂ ಹೊಸ ಟೈರಿಗೆ ಸಂದ ಅಂಕಗಳು.

ಎಷ್ಟು ವರ್ಷ ಬಳಸಬಹುದು?

ಆರು ವರ್ಷಕ್ಕೆ ಬದಲಿಸಿ ಎನ್ನುವ ವಾಹನ ತಯಾರಕರಿದ್ದಾರೆ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷ ತಜ್ಞರಿಂದ ಪರೀಕ್ಷೆ ಮಾಡಿಸಿ, ಹೇಗೇ ಇದ್ದರೂ ಹತ್ತು ವರ್ಷಕ್ಕೆ ತೆಗೆದುಹಾಕಿ ಎಂಬುದು ಮಿಶೆಲಿನ್ ಸಂಸ್ಥೆಯ ಸಲಹೆ. ಹತ್ತು ವರ್ಷವೆಂಬುದು ಸುರಕ್ಷತೆಯ ಕಟ್ಟಕಡೆಯ ಗೆರೆ. ಹಿಡಿತಕ್ಕಾಗಿಯೇ ಹೆಚ್ಚು ಹಣ ತೆತ್ತು ಕೊಂಡ ಟೈರಿನ ಹಿಡಿತ ಅಲ್ಲಿಯವರೆಗೆ ಉಳಿಯುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ.

ಕಾನೂನು ಬಹುಮಟ್ಟಿಗೆ ಸವಕಳಿಯನ್ನೇ ನೋಡುತ್ತದೆ. ಭಾರತದಲ್ಲಿ ಕಾರಿನ ಟ್ರೆಡ್ ಕನಿಷ್ಠ 1.6 ಮಿ.ಮೀ. ಆಳವಿರಬೇಕು. ವಯಸ್ಸಿಗೂ ಮಿತಿ ವಿಧಿಸಿದ ಒಂದು ಉದಾಹರಣೆ ಬ್ರಿಟನ್. 2012ರ ಸೆಪ್ಟೆಂಬರ್‌ನಲ್ಲಿ ಸಂಗೀತೋತ್ಸವ ಮುಗಿಸಿ ಮರಳುತ್ತಿದ್ದವರ ಬಸ್ಸಿನ ಮುಂಗಾಲಿಯ ಟೈರು ಒಡೆದು ಮೂವರು ಮೃತಪಟ್ಟರು. ಆ ಟೈರಿಗೆ ಹತ್ತೊಂಬತ್ತೂವರೆ ವರ್ಷ ವಯಸ್ಸಾಗಿತ್ತು. ಮೃತರ ಕುಟುಂಬದ ದೀರ್ಘ ಹೋರಾಟದ ಬಳಿಕ 2021ರ ಫೆಬ್ರವರಿಯಿಂದ ಬಸ್ಸು, ಲಾರಿಗಳ ಮುಂಗಾಲಿಗಳಿಗೆ ಹತ್ತು ವರ್ಷ ಮೀರಿದ ಟೈರು ಬಳಸುವುದು ಅಲ್ಲಿ ನಿಷಿದ್ಧವಾಯಿತು. ಖಾಸಗಿ ಕಾರುಗಳಿಗೆ ಆ ನಿಯಮ ಅನ್ವಯಿಸಲಿಲ್ಲ.

ವಾಹನ ಮಾಲೀಕರು ಗಮನಿಸಬೇಕಾದ್ದು

* ಹೊಸ ಟೈರು ಕೊಳ್ಳುವಾಗ ಬಿಲ್ಲಿನ ದಿನಾಂಕವನ್ನಲ್ಲ, ತಯಾರಿಕೆಯ ವಾರವನ್ನು ನೋಡಬೇಕು. ಬಳಸಿದ ಕಾರು ಕೊಳ್ಳುವವರು ಸ್ಟೆಪ್ನಿಯೂ ಸೇರಿದಂತೆ ಐದೂ ಟೈರುಗಳನ್ನು ಪರಿಶೀಲಿಸಬೇಕು. ಬಳಸದ ಸ್ಟೆಪ್ನಿಗೂ ಮುಪ್ಪು ತಪ್ಪಿದ್ದಲ್ಲ.

* ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಉಷ್ಣಾಂಶ ಸುಮಾರು ಐದೂವರೆ ಡಿಗ್ರಿ ಏರಿದರೆ ಒತ್ತಡ ಒಂದು ಪಿಎಸ್‌ಐನಷ್ಟು ಏರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ತಣಿದಾಗ ಒತ್ತಡ ಕಡಿಮೆಯಾಗಿ, ಮುಂದಿನ ಪ್ರಯಾಣದಲ್ಲಿ ಟೈರು ಇನ್ನಷ್ಟು ಕಾಯುತ್ತದೆ.

* ಸಾಧ್ಯವಾದಷ್ಟೂ ನೆರಳಿನಲ್ಲಿ ಕಾರು ನಿಲ್ಲಿಸಬೇಕು. ಕಳಚಿಟ್ಟ ಟೈರನ್ನು ತಂಪಾದ, ಕತ್ತಲಿನ ಜಾಗದಲ್ಲಿಡಬೇಕು. ಓಝೋನ್ ಹೊಮ್ಮಿಸುವ ವಿದ್ಯುತ್ ಮೋಟಾರುಗಳಿಂದ ದೂರವಿರಿಸಬೇಕು. ಹೊಳಪಿಗಾಗಿ ಪೆಟ್ರೋಲಿಯಂ ಮೂಲದ ದ್ರಾವಣ ಬಳಿಯಬಾರದು.

* ಗಡಸುತನವನ್ನು ಶೋರ್ ‘ಎ’ ಮಾಪಕದಿಂದ ಅಳೆಯಬಹುದು. ಕೊಂಡಾಗಲೇ ಅಳೆದು ಬರೆದಿಟ್ಟು, ವರ್ಷಕ್ಕೊಮ್ಮೆ ಸರಿಸುಮಾರು ಅದೇ ಉಷ್ಣಾಂಶದಲ್ಲಿ ಮತ್ತೆ ಅಳೆದು ಹೋಲಿಸಿದರೆ ಮುಪ್ಪಿನ ನಡೆ ಕಾಣಿಸುತ್ತದೆ.

ಸವೆದ ಟೈರು ಕಣ್ಣಿಗೆ ಕಾಣುತ್ತದೆ, ಮುಪ್ಪಾದ ಟೈರು ಕಾಣುವುದಿಲ್ಲ. ಬಿರುಕು ತೋರುವ ಹೊತ್ತಿಗೆ ಹಿಡಿತ ಎಂದೋ ಇಳಿದಿರುತ್ತದೆ. ನಿತ್ಯದ ನಿಧಾನ ಸಂಚಾರದಲ್ಲಿ ಅದು ಅನುಭವಕ್ಕೆ ಬರುವುದೂ ಇಲ್ಲ. ಅನುಭವಕ್ಕೆ ಬರುವುದು ಮಳೆಯಲ್ಲಿ ಥಟ್ಟನೆ ಬ್ರೇಕ್ ಒತ್ತಬೇಕಾದ ಆ ಒಂದು ಗಳಿಗೆಯಲ್ಲಿ. ಆದ್ದರಿಂದ ನಾಲ್ಕು ಅಂಕಿಗಳನ್ನು ಮೊದಲೇ ಓದಿಕೊಳ್ಳುವುದು ಲೇಸು.