ತಾಯಿಗೆ ಜ್ವರ, ಮಗುವಿಗೆ ಹಾಲು

ಬಾಣಂತಿಯ ಮೈ ಬಿಸಿಯಾದರೆ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದು ಮಗುವಿನ ಹಾಲು. ‘ಜ್ವರ ಇಳಿಯುವವರೆಗೆ ಎದೆಗೆ ಹಾಕಬೇಡ, ಮಗುವಿಗೂ ತಗಲೀತು’ ಎಂಬ ಮಾತು ಬರುತ್ತದೆ. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುವ ಏರ್ಪಾಡೂ ಆಗುತ್ತದೆ. ನಾಲ್ಕು ದಿನ ಕಳೆದು ಜ್ವರ ಬಿಡುವಷ್ಟರಲ್ಲಿ ತಾಯಿಯ ಎದೆ ಕಟ್ಟಿಕೊಂಡು ನೋಯುತ್ತಿರುತ್ತದೆ, ಹಾಲು ಕಡಿಮೆಯಾಗಿರುತ್ತದೆ, ಮಗುವಿಗೆ ಭೇದಿ ಹಿಡಿದಿರುವುದೂ ಉಂಟು. ಹಿರಿಯರ ಈ ಅಂಜಿಕೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಬಹು ದೀರ್ಘವಾದ ಇತಿಹಾಸವಿದೆ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಾದ ಚರಕ ಮತ್ತು ಸುಶ್ರುತ ಸಂಹಿತೆಗಳು ಎದೆಹಾಲನ್ನು ವಿವರವಾಗಿ ಚರ್ಚಿಸಿವೆ. ಹಾಲನ್ನು ನೀರಿಗೆ ಬಿಟ್ಟಾಗ ಅದು ನೊರೆಯಿಲ್ಲದೆ, ಎಳೆಯಾಗದೆ ಒಂದಾಗಿ ಬೆರೆತರೆ ಅದು ಶುದ್ಧ ಎಂಬುದು ಅಂದಿನ ಪರೀಕ್ಷೆ. ಹಸಿದವಳ, ದುಃಖಿತಳ, ದಣಿದವಳ, ಜ್ವರ ಬಂದವಳ ಹಾಲನ್ನು ಮಗುವಿಗೆ ಕುಡಿಸಬಾರದೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಆದರೆ ಈ ಗ್ರಂಥಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಹಾಲಿನ ದೋಷವನ್ನು ಪರಿಹರಿಸಲೆಂದೇ ಚರಕ ಸಂಹಿತೆ ಹತ್ತು ಮೂಲಿಕೆಗಳ ಒಂದು ಗುಂಪನ್ನು ಹೆಸರಿಸುತ್ತದೆ. ಶುಂಠಿ, ಅಮೃತಬಳ್ಳಿ, ದೇವದಾರುಗಳು ಅದರಲ್ಲಿ ಸೇರಿವೆ. ಇವನ್ನು ಕೊಡಬೇಕಾದದ್ದು ಹಾಲೂಡುವವಳಿಗೆ. ಅಂದರೆ ಹಾಲು ಕೆಟ್ಟಿತೆಂದು ಕಂಡಾಗ ಚಿಕಿತ್ಸೆ ತಾಯಿಗೆ ಸಲ್ಲಬೇಕೆಂಬ ತಿಳಿವಳಿಕೆ ಅಂದೇ ಇತ್ತು. ಮುಂದಿನವರ ನೆನಪಿನಲ್ಲಿ ನಿಷೇಧ ಉಳಿಯಿತು, ಚಿಕಿತ್ಸೆಯ ಮಾತು ಹಿಂದೆ ಸರಿಯಿತು.

ಯೂರೋಪಿನಲ್ಲಿ ಈ ಭಯಕ್ಕೆ ಬೇರೊಂದು ರೂಪವಿತ್ತು. ಹದಿನೆಂಟನೇ ಶತಮಾನದ ಪ್ಯಾರಿಸ್‌ನಲ್ಲಿ ಮಕ್ಕಳನ್ನು ಹಾಲೂಡುವ ದಾದಿಯರ ಬಳಿ ಬಿಡುವುದು ಸಾಮಾನ್ಯವಾಗಿತ್ತು. ಸಿಫಿಲಿಸ್ ಎಂಬ ಲೈಂಗಿಕ ರೋಗ ದಾದಿಯಿಂದ ಮಗುವಿಗೆ, ಮಗುವಿನಿಂದ ದಾದಿಗೆ ದಾಟುತ್ತಿತ್ತು. ಇಂಥ ಮಕ್ಕಳಿಗಾಗಿ 1780ರಲ್ಲಿ ವೋಜಿರಾರ್ ಎಂಬಲ್ಲಿ ಒಂದು ಆಸ್ಪತ್ರೆ ತೆರೆಯಿತು. ಅಲ್ಲಿ ರೋಗಪೀಡಿತ ಬಡ ತಾಯಂದಿರಿಗೆ ಪಾದರಸದ ಔಷಧಿ ಕೊಟ್ಟು, ಅದರ ಗುಣ ಹಾಲಿನ ಮೂಲಕ ಮಗುವನ್ನು ಮುಟ್ಟಲಿ ಎಂದು ವೈದ್ಯರು ಬಯಸಿದರು. ಪಾದರಸವೇ ವಿಷ, ಅನೇಕ ಮಕ್ಕಳು ಬದುಕಿ ಉಳಿಯಲಿಲ್ಲ. ಕಾಯಿಲೆಯ ತಾಯಿಯ ಹಾಲೂ ಮಗುವಿಗೆ ಮದ್ದಾಗಬಹುದೆಂಬ ಊಹೆ ಮಾತ್ರ ಮುಂದೆ ಬೇರೊಂದು ರೀತಿಯಲ್ಲಿ ನಿಜವಾಯಿತು.

ಅದನ್ನು ತೋರಿಸಿಕೊಟ್ಟವರಲ್ಲಿ ಮೊದಲಿಗರು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್. ಅವರು ಬಳಸಿದ ವಿಷಗಳು ಕನ್ನಡಿಗರಿಗೆ ಪರಿಚಿತವಾದ ಬೀಜಗಳವು: ಒಂದು ಹರಳಿನದು, ಇನ್ನೊಂದು ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯದು. ಹೆಣ್ಣಿಲಿಗಳಿಗೆ ಈ ವಿಷವನ್ನು ತೀರಾ ಸ್ವಲ್ಪದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತ ಕೊಟ್ಟು, ಅದನ್ನು ತಾಳಿಕೊಳ್ಳುವ ಶಕ್ತಿ ಬರಿಸಿದರು. ಬಳಿಕ ಸಾಮಾನ್ಯ ಇಲಿಗಳಿಗೆ ಹುಟ್ಟಿದ ಮರಿಗಳನ್ನು ಈ ಇಲಿಗಳ ಬಳಿ ಹಾಲು ಕುಡಿಯಲು ಬಿಟ್ಟರು. ಆ ಮರಿಗಳಿಗೂ ವಿಷ ತಡೆಯುವ ಶಕ್ತಿ ಬಂತು. ಹಾಲಿನಲ್ಲಿ ಆಹಾರದ ಜೊತೆಗೆ ರಕ್ಷಣೆಯೂ ಇದೆ ಎಂಬ ಈ ಫಲಿತಾಂಶವನ್ನು ಎರ್ಲಿಖ್ 1892ರಲ್ಲಿ ಪ್ರಕಟಿಸಿದರು.

ಮನುಷ್ಯರ ಹಾಲಿನಲ್ಲಿರುವ ಮುಖ್ಯ ಪ್ರತಿಕಾಯಗಳು ರಕ್ತದಲ್ಲಿರುವವಕ್ಕಿಂತ ಭಿನ್ನವಾದವು ಎಂಬುದನ್ನು ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್ 1961ರಲ್ಲಿ ಕಂಡುಕೊಂಡರು. ಇದರ ಕೆಲಸ ಹೀಗೆ: ತಾಯಿಯ ಕರುಳಿಗೋ ಶ್ವಾಸನಾಳಕ್ಕೋ ರೋಗಾಣು ತಗಲಿದಾಗ, ಅದನ್ನು ಗುರುತಿಸಿದ ಕಣಗಳು ರಕ್ತದ ಮೂಲಕ ಸ್ತನವನ್ನೂ ಸೇರುತ್ತವೆ. ಅಲ್ಲಿ ಅದೇ ರೋಗಾಣುವಿಗೆ ಎದುರಾದ ಪ್ರತಿಕಾಯಗಳನ್ನು ಹಾಲಿಗೆ ಬಿಡುತ್ತವೆ. ತಾಯಿಗೆ ನೆಗಡಿಯೋ ಜ್ವರವೋ ಕಾಣಿಸಿಕೊಳ್ಳುವ ಹೊತ್ತಿಗೆ, ಅವಳ ಮಡಿಲಲ್ಲೇ ಇರುವ ಮಗುವಿಗೆ ಆ ರೋಗಾಣು ಬಹುತೇಕ ಮುಟ್ಟಿಯಾಗಿರುತ್ತದೆ. ಆಗ ಹಾಲು ಬಿಡಿಸಿದರೆ ರೋಗ ದೂರವಾಗುವುದಿಲ್ಲ. ರೋಗದ ಮದ್ದು ಮಾತ್ರ ತಪ್ಪಿಹೋಗುತ್ತದೆ.

ಈ ತಿಳಿವಳಿಕೆ ಗಟ್ಟಿಯಾಗುತ್ತಿದ್ದಾಗಲೇ ಎಚ್‌ಐವಿ ಬಂತು. ಎದೆಹಾಲಿನ ಮೂಲಕ ಈ ಸೋಂಕು ಮಗುವಿಗೆ ದಾಟಿದ ಪ್ರಕರಣವೊಂದು 1985ರಲ್ಲಿ ಆಸ್ಟ್ರೇಲಿಯದಿಂದ ವರದಿಯಾಯಿತು. ಇಲ್ಲಿ ಭಯಕ್ಕೆ ಗಟ್ಟಿ ಆಧಾರವಿತ್ತು. ಹಲವು ದೇಶಗಳು ಸೋಂಕಿತ ತಾಯಂದಿರಿಗೆ ಹಾಲಿನ ಪುಡಿ ಬಳಸಲು ಹೇಳಿದವು. ಆಫ್ರಿಕದ ಬೋಟ್ಸ್‌ವಾನ ಸರ್ಕಾರ ಪುಡಿಯನ್ನು ಉಚಿತವಾಗಿಯೇ ಹಂಚಿತು. 2006ರ ಆರಂಭದಲ್ಲಿ ಅಲ್ಲಿ ಭಾರಿ ಮಳೆ ಸುರಿದು ನೀರು ಕಲುಷಿತವಾಯಿತು, ಭೇದಿ ಹಬ್ಬಿತು. ಸತ್ತ ಕೂಸುಗಳಲ್ಲಿ ಹೆಚ್ಚಿನವು ಎದೆಹಾಲು ಕುಡಿಯದವು. ಎಚ್‌ಐವಿಯಿಂದ ಕಾಪಾಡಲು ಕೊಟ್ಟ ಪುಡಿ, ಕೊಳಕು ನೀರಿನೊಡನೆ ಸೇರಿ ಬೇರೊಂದು ಸಾವನ್ನು ತಂದಿತ್ತು.

ಇದಕ್ಕೂ ಮುಂಚೆ, 1999ರಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್‌ನಿಂದ ಗಮನಾರ್ಹ ಸಂಗತಿಯೊಂದು ಬೆಳಕಿಗೆ ಬಂದಿತ್ತು. ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ, ಅದರ ಜೊತೆ ಬೇರೆ ಹಾಲು, ನೀರು, ಆಹಾರ ಸೇವಿಸಿದ ಮಕ್ಕಳಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿತ್ತು. ‘ಸ್ವಲ್ಪ ಅದೂ, ಸ್ವಲ್ಪ ಇದೂ’ ಎಂಬ ರಾಜಿಯೇ ಅಪಾಯಕಾರಿಯಾಗಿತ್ತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಬದಲಿಸಿತು. ತಾಯಿಗೋ ಮಗುವಿಗೋ ವೈರಾಣು ತಡೆಯುವ ಔಷಧಿ ಕೊಡುತ್ತ ಎದೆಹಾಲನ್ನು ಮುಂದುವರಿಸಬಹುದೆಂದು ಸಾರಿತು. ಈಗ ತಾಯಿ ತಪ್ಪದೆ ಔಷಧಿ ಸೇವಿಸಿದರೆ ಹಾಲಿನಿಂದ ಸೋಂಕು ದಾಟುವ ಸಾಧ್ಯತೆ ಬಹಳ ಕಡಿಮೆ.

2020ರಲ್ಲಿ ಕೋವಿಡ್ ಬಂದಾಗ ಇದೇ ಕಥೆ ಮರುಕಳಿಸಿತು. ಸೋಂಕಿತ ತಾಯಿಯಿಂದ ನವಜಾತ ಶಿಶುವನ್ನು ಅನೇಕ ಆಸ್ಪತ್ರೆಗಳು ಬೇರ್ಪಡಿಸಿದವು. ಮುಖಗವಸು ಧರಿಸಿ, ಕೈ ತೊಳೆದು ಹಾಲೂಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷವೇ ತಿಳಿಸಿತು.

ಹಾಗೆಂದು ನಿಯಮಕ್ಕೆ ಅಪವಾದಗಳೇ ಇಲ್ಲವೆಂದಲ್ಲ. ಕ್ಯಾನ್ಸರಿನ ಕೆಲವು ಔಷಧಿಗಳು, ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ನಡೆಯುವಾಗ ಹಾಲು ನಿಲ್ಲಿಸಲೇಬೇಕು. ಸ್ತನದ ಮೇಲೆ ಹರ್ಪಿಸ್ ಗುಳ್ಳೆಗಳಿದ್ದರೆ ಆ ಬದಿಯ ಹಾಲು ಕೂಡದು. ಕ್ಷಯ ಹರಡುವುದು ಸಾಮಾನ್ಯವಾಗಿ ಕೆಮ್ಮಿನಿಂದ. ಅಲ್ಲಿ ತಾಯಿಗೆ ಚಿಕಿತ್ಸೆ, ಮಗುವಿಗೆ ಮುನ್ನೆಚ್ಚರಿಕೆಯ ಔಷಧಿ ಬೇಕು. ಇವೆಲ್ಲ ವೈದ್ಯರು ತೀರ್ಮಾನಿಸಬೇಕಾದ ವಿಷಯಗಳು. ಸಾಮಾನ್ಯ ಜ್ವರ, ನೆಗಡಿ, ಭೇದಿಗಳು ಈ ಪಟ್ಟಿಗೆ ಸೇರುವುದಿಲ್ಲ. ಎದೆ ಬಾತು ಜ್ವರ ಬಂದಾಗಲಂತೂ ಹಾಲು ಕಟ್ಟಿಕೊಳ್ಳದಂತೆ ಕುಡಿಸುತ್ತಿರುವುದೇ ಲೇಸು.

ಜ್ವರದಲ್ಲಿರುವ ಬಾಣಂತಿಗೆ ಎದ್ದು ಕೂರುವುದೂ ಕಷ್ಟ. ಆಗ ಹಿರಿಯರು ಮಾಡಬಹುದಾದ ಉಪಕಾರ ಬಹಳಷ್ಟಿದೆ: ಅವಳಿಗೆ ಬಿಸಿ ಗಂಜಿ, ಕುಡಿಯಲು ನೀರು ಕೊಡುವುದು, ವೈದ್ಯರ ಬಳಿ ಕರೆದೊಯ್ಯುವುದು, ಮನೆಗೆಲಸ ಹಂಚಿಕೊಳ್ಳುವುದು, ಹಸಿದ ಕೂಸನ್ನು ತಂದು ಅವಳ ಪಕ್ಕದಲ್ಲಿ ಮಲಗಿಸುವುದು. ಹಾಲೂಡುವವಳಿಗೆ ಮದ್ದು ಕೊಡಿ ಎಂದ ಹಳೆಯ ವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.