ವೆಂಬ್ಲಿಯ ಪಂದ್ಯವೂ ತೆರವಾದ ನೆಲವೂ

1953ನೆಯ ಇಸವಿ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹಂಗೆರಿಯ ಫುಟ್ಬಾಲ್ ತಂಡವು ಇಂಗ್ಲೆಂಡನ್ನು 6-3 ಗೋಲುಗಳಿಂದ ಸೋಲಿಸಿತು. ಯೂರೋಪು ಖಂಡದ ತಂಡವೊಂದರ ಎದುರು ಆಂಗ್ಲರು ಸ್ವದೇಶದ ನೆಲದಲ್ಲಿ ಸೋತುದು ಅದೇ ಮೊದಲು. ಹಂಗೆರಿಯವರ ಕಾಲ್ಚಳಕವೇ ಇದಕ್ಕೆ ಕಾರಣವೆಂದು ಹೇಳುವುದು ರೂಢಿಯಾಗಿದೆ. ಪುಷ್ಕಾಶನಂತಹ ಆಟಗಾರನಿದ್ದ ತಂಡದ ವಿಷಯದಲ್ಲಿ ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೋಲಿನ ಬೇರನ್ನು ಇಪ್ಪತ್ತೆಂಟು ವರ್ಷಗಳಷ್ಟು ಹಿಂದೆ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

1925ರಲ್ಲಿ ಆಫ್‌ಸೈಡ್ ನಿಯಮವು ಬದಲಾಯಿತು. ಅದುವರೆಗೆ, ಮುಂದೆ ನಿಂತ ಆಟಗಾರನು ತನ್ನವರಿಂದ ಚೆಂಡನ್ನು ಪಡೆಯಬೇಕಾದರೆ ಅವನಿಗೂ ಗೋಲುಗೆರೆಗೂ ನಡುವೆ ಎದುರು ಪಕ್ಷದ ಮೂವರಾದರೂ ಇರಬೇಕಾಗಿದ್ದಿತು. ಈಗ ಇಬ್ಬರಿದ್ದರೆ ಸಾಕಾಯಿತು. ಗೋಲುಗಳು ಒಮ್ಮೆಗೇ ಹೆಚ್ಚಿದುವು. ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್ಮನ್ ಮೊದಲಾದವರು, ಅಂಗಣದ ನಡುವೆ ಸ್ವತಂತ್ರವಾಗಿ ಆಡುತ್ತಿದ್ದ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ತಂದು ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸಿದರು. ಎದುರು ಪಕ್ಷದ ಸೆಂಟರ್ ಫಾರ್ವರ್ಡನನ್ನು ಕಾಯುವುದೇ ಅವನ ಕೆಲಸವಾಯಿತು. ಆಟಗಾರರು ನಿಂತ ಆಕೃತಿಯನ್ನು ನೋಡಿ ಈ ವ್ಯೂಹವನ್ನು ಡಬ್ಲ್ಯು-ಎಂ ಎಂದು ಕರೆದರು. 1939ರಲ್ಲಿ ಇಂಗ್ಲಿಷ್ ಲೀಗು ಅಂಗಿಯ ಬೆನ್ನಿನ ಮೇಲೆ ಸಂಖ್ಯೆಯನ್ನು ಕಡ್ಡಾಯ ಮಾಡಿದ ಮೇಲಂತೂ 5ನೆಯವನು 9ನೆಯವನನ್ನು ಕಾಯತಕ್ಕದ್ದೆಂಬುದು ಕಣ್ಣಿಗೇ ಕಾಣುವ ಶಾಸನವಾಯಿತು. ಎರಡು ಪಕ್ಷಗಳೂ ಒಂದೇ ಬಗೆಯಲ್ಲಿ ನಿಂತಿರುವವರೆಗೆ ಈ ಶಾಸನಕ್ಕೆ ಕುಂದಿರಲಿಲ್ಲ.

ಬುಡಾಪೆಸ್ಟಿನ ಎಂ.ಟಿ.ಕೆ. ಸಂಘದಲ್ಲಿ ಮಾರ್ಟನ್ ಬುಕೊವಿ ಎಂಬ ಶಿಕ್ಷಕನು ಸೆಂಟರ್ ಫಾರ್ವರ್ಡನನ್ನು ಹಿಂದೆ ಸರಿಸಿ ಆಡಿಸಿದನು. ರಾಷ್ಟ್ರೀಯ ತಂಡದ ಗುಸ್ತಾವ್ ಸೆಬೆಶ್ ಆ ಕ್ರಮವನ್ನು ಕೈಕೊಂಡನು. (ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದೇ ಸಂಘಕ್ಕೆ ಆಟ ಕಲಿಸಿದವನು ಜಿಮ್ಮಿ ಹೋಗನ್ ಎಂಬ ಆಂಗ್ಲನೆಂಬುದನ್ನು ಇಲ್ಲಿ ನೆನೆಯಬಹುದು.) ವೆಂಬ್ಲಿಯಲ್ಲಿ 9ನೆಯ ಸಂಖ್ಯೆ ತೊಟ್ಟ ಹಿಡೆಗ್‌ಕುಟಿ ಮುಂದೆ ನಿಲ್ಲದೆ ನಡು ಅಂಗಣಕ್ಕೆ ಜಾರಿದನು. ಇಂಗ್ಲೆಂಡಿನ 5ನೆಯವನಾದ ಹ್ಯಾರಿ ಜಾನ್ಸ್ಟನ್ ಏನು ಮಾಡಬೇಕು? ಬೆನ್ನಟ್ಟಿ ಹೋದರೆ ಗೋಲಿನ ಮುಂದಣ ನೆಲ ತೆರವಾಗಿ ಪುಷ್ಕಾಶ್, ಕೊಚಿಶ್ ಇಬ್ಬರೂ ಅಲ್ಲಿಗೆ ನುಗ್ಗುವರು. ಇದ್ದಲ್ಲೇ ನಿಂತರೆ ಹಿಡೆಗ್‌ಕುಟಿಯನ್ನು ತಡೆಯುವವರಿಲ್ಲ. ಮೊದಲ ನಿಮಿಷದಲ್ಲಿಯೇ ಹಿಡೆಗ್‌ಕುಟಿ ಗೋಲು ಹೊಡೆದನು; ಪಂದ್ಯ ಮುಗಿಯುವುದರೊಳಗೆ ಮೂರು ಗೋಲುಗಳು ಅವನವಾಗಿದ್ದುವು. ಜಾನ್ಸ್ಟನ್ ಅಸಮರ್ಥನೆಂದು ನಾವು ಭಾವಿಸುವುದಿಲ್ಲ. ಅವನಿಗೆ ಒಪ್ಪಿಸಿದ್ದ ಕರ್ತವ್ಯವು ಒಬ್ಬ ಮನುಷ್ಯನನ್ನು ಕಾಯುವುದು. ಹಂಗೆರಿಯವರು ಆಡಿದುದು ಮನುಷ್ಯರಿಲ್ಲದ ಜಾಗದಲ್ಲಿ.

ಇಂಗ್ಲೆಂಡಿನವರು ಬೇರೆ ರೀತಿಯಲ್ಲಿ ತೀರ್ಮಾನಿಸಿದರು. 1954ರ ಮೇ 23ರಂದು ಬುಡಾಪೆಸ್ಟಿನಲ್ಲಿ ನಡೆದ ಮರುಪಂದ್ಯಕ್ಕೆ ಹನ್ನೊಂದು ಮಂದಿಯಲ್ಲಿ ಏಳು ಮಂದಿಯನ್ನು ಬದಲಿಸಿದರು. ಜಾನ್ಸ್ಟನ್ನನಿಗೆ ಮತ್ತೆ ಕರೆ ಬರಲೇ ಇಲ್ಲ. ವ್ಯೂಹ ಮಾತ್ರ ಹಿಂದಿನದೇ. ಆ ದಿನ ಹಂಗೆರಿ 7-1ರಿಂದ ಗೆದ್ದಿತು.