ಚಿಪ್ಪು ಅಣಬೆ: ಹುಲ್ಲು, ಪೊಟ್ಟಣ, ಬಾಣಲೆ

ಮಹಾರಾಷ್ಟ್ರದ ಕಲ್ಯಾಣ್ ಬಳಿಯ ಶಹಾಡ್ ಸೇತುವೆ ದಾಟಿ ಮುರ್ಬಾಡ್ ಕಡೆಗೆ ಹೋದರೆ ಮಳೆಗಾಲದಲ್ಲಿ ಭತ್ತದ ಗದ್ದೆಗಳು ಕಣ್ತುಂಬುತ್ತವೆ. ಅಂಥ ಗದ್ದೆಯ ಒಣಹುಲ್ಲಿನ ಮೇಲೆಯೇ ಚಿಪ್ಪು ಅಣಬೆ ಬೆಳೆಯುತ್ತದೆ. ಇಲ್ಲಿ ಇದಕ್ಕೆ ಢಿಂಗ್ರಿ ಅನ್ನುತ್ತಾರೆ. ಆದರೆ ಈ ವಿದ್ಯೆಗೆ ನಮ್ಮ ದೇಶದಲ್ಲಿ ದಾರಿ ತೋರಿದ್ದು ಮೈಸೂರು. ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ ಇದು.

ಜರ್ಮನಿಯ ವಿಜ್ಞಾನಿ ಫಾಲ್ಕ್ 1917ರಲ್ಲೇ ಮರದ ದಿಮ್ಮಿಗಳ ಮೇಲೆ ಈ ಅಣಬೆ ಬೆಳೆಸಿದ್ದರು. ದಿಮ್ಮಿ ಬಡ ರೈತನಿಗೆ ಎಟಕುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಜಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ 1962ರಲ್ಲಿ ಭತ್ತದ ಹುಲ್ಲಿನ ಮೇಲೆ ಬೆಳೆಸಿ ತೋರಿಸಿದರು. ಮರುವರ್ಷವೇ ಅದರ ಪ್ರೋಟೀನಿನಲ್ಲಿರುವ ಅಮೈನೊ ಆಮ್ಲಗಳ ವಿವರವೂ ಪ್ರಕಟವಾಯಿತು. 1987–88ರಲ್ಲಿ ಬಾನೊ ಮತ್ತು ಎಸ್. ರಾಜರತ್ನಂ ಬರೆದ ದೀರ್ಘ ಸಮೀಕ್ಷೆಗಳು ಅಲ್ಲಿಯವರೆಗಿನ ತಿಳಿವನ್ನೆಲ್ಲ ಒಂದೆಡೆ ತಂದವು.

ಆ ಮೇಲೆ ಜಾಹೀರಾತುಗಳು ವಿಜ್ಞಾನವನ್ನು ಹಿಂದೆ ಹಾಕಿದವು. ‘ನೂರಕ್ಕೆ 30 ಪ್ರೋಟೀನ್’ ಅನ್ನುವುದು ಒಣಗಿಸಿ ತೂಗಿದ ಲೆಕ್ಕ. ಹಸಿ ಅಣಬೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. 100 ಗ್ರಾಂ ತಿಂದರೆ ಸಿಗುವುದು ಸುಮಾರು 3 ಗ್ರಾಂ ಪ್ರೋಟೀನ್. ತರಕಾರಿಗೆ ಅದು ಒಳ್ಳೆಯದೇ, ಮಾಂಸಕ್ಕೆ ಸಮವಲ್ಲ. ನಾರಿನಂಶ, ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ ಇದರ ನಿಜವಾದ ಬಂಡವಾಳ. ಅಡುಗೆಗೆ ಮುನ್ನ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಅದರೊಳಗಿನ ಎರ್ಗೊಸ್ಟೆರಾಲ್ ಡಿ2 ಜೀವಸತ್ವವಾಗುತ್ತದೆ. ಫ್ಲ್ಯಾಟಿನೊಳಗೇ ದಿನ ಕಳೆಯುವವರಿಗೆ ಇದು ಉಪಯೋಗದ ಮಾತು.

ಕೊಲೆಸ್ಟರಾಲ್ ಇಳಿಸುವ ಲೊವಾಸ್ಟಾಟಿನ್ ಈ ಅಣಬೆಯಲ್ಲಿದೆ ಎಂದು ಸ್ಲೊವೇನಿಯಾದ ಸಂಶೋಧಕರು 1995ರಲ್ಲಿ ವರದಿ ಮಾಡಿದರು. 2007ರಲ್ಲಿ ಬಾಂಗ್ಲಾದೇಶದ ಮಧುಮೇಹಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಸಕ್ಕರೆಯೂ ಕೊಲೆಸ್ಟರಾಲೂ ಇಳಿದವು. ಮನುಷ್ಯರ ಮೇಲಿನ ಇಂಥ ಅಧ್ಯಯನಗಳು ಚಿಕ್ಕವು, ಅಲ್ಪಾವಧಿಯವು. ಇವನ್ನು ನಂಬಿ ಮಾತ್ರೆ ಬಿಡಬೇಡಿ.

ನನ್ನ ಕಳವಳ ಹುಲ್ಲಿನ ಬಗ್ಗೆ. ಬೇರೆ ಬೂಷ್ಟು ಬಾರದಿರಲೆಂದು ಹುಲ್ಲನ್ನು ಫಾರ್ಮಲಿನ್ ಮತ್ತು ಕಾರ್ಬೆಂಡಜಿಂ ಬೆರೆಸಿದ ನೀರಿನಲ್ಲಿ ಸುಮಾರು 18 ಗಂಟೆ ನೆನೆಸುವ ಪದ್ಧತಿ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅಳತೆ ತಪ್ಪಿದರೆ ಶೇಷ ತಟ್ಟೆಗೇ ಬರಬಹುದು. ಕ್ಯಾಡ್ಮಿಯಂ, ಪಾದರಸದಂಥ ಲೋಹಗಳನ್ನೂ ಈ ಅಣಬೆ ಹುಲ್ಲಿನಿಂದ ಹೀರಿಕೊಳ್ಳುತ್ತದೆ. ಬಿಸಿನೀರಿನಲ್ಲೋ ಹಬೆಯಲ್ಲೋ ಹುಲ್ಲು ಶುದ್ಧಮಾಡುವವರೂ ಇದ್ದಾರೆ. ಬೆಳೆದವರನ್ನು ಕೇಳಿಯೇ ಕೊಳ್ಳಿ.

ಅಣಬೆ ಬೆಳೆಯಲು ಮನೆಯಲ್ಲೇ ಹುಲ್ಲು ತುಂಬಿದ ಚೀಲ ತೂಗುಹಾಕುವವರು ಇನ್ನೊಂದನ್ನು ಗಮನಿಸಬೇಕು. ಅಣಬೆಯ ಒಳಕ್ಕೆ ಬಾಗಿದ ಅಂಚು ಚಪ್ಪಟೆಯಾಗುತ್ತಿದ್ದಂತೆ ಕೆಳಗಿನ ಚೀಲದ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಬೀಜಕಣ. ದಿನವೂ ಅದನ್ನು ಉಸಿರಾಡಿದ ಬೆಳೆಗಾರರಲ್ಲಿ ಕೆಮ್ಮು, ಜ್ವರ, ಶ್ವಾಸಕೋಶದ ಉರಿಯೂತ ಕಂಡುಬಂದಿದೆ. ಅಂಚು ಬಾಗಿರುವಾಗಲೇ ಕೊಯ್ಯಿರಿ. ಮಲಗುವ ಕೋಣೆಯಲ್ಲಿ ಬೆಳೆಯಲೇಬೇಡಿ.

ಹಸಿಯಾಗಿ ಸಲಾಡಿಗೆ ಹಾಕುವುದೂ ಬೇಡ. ಕೆಂಪು ರಕ್ತಕಣಗಳನ್ನು ಒಡೆಯಬಲ್ಲ ಆಸ್ಟ್ರಿಯೊಲೈಸಿನ್ ಎಂಬ ಪ್ರೋಟೀನ್ ಇದರಲ್ಲಿದೆ. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಹೋಗುತ್ತದೆ.

ಮಳೆಗಾಲದಲ್ಲಿ ಕಾಡಿನ ಮರಗಳ ಮೇಲೆ ಕಾಣುವುದೆಲ್ಲ ಚಿಪ್ಪು ಅಣಬೆಯಲ್ಲ. ಜಪಾನಿನಲ್ಲಿ ತಲೆತಲಾಂತರದಿಂದ ತಿನ್ನುತ್ತಿದ್ದ, ನೋಡಲು ಇದರಂತೆಯೇ ಇರುವ ಸುಗಿಹಿರತಾಕೆ ಎಂಬ ಬಿಳಿ ಅಣಬೆ ತಿಂದು 2004ರಲ್ಲಿ 50ಕ್ಕೂ ಹೆಚ್ಚು ಮಂದಿಗೆ ಮಿದುಳಿನ ತೊಂದರೆಯಾಯಿತು, 17 ಮಂದಿ ತೀರಿಕೊಂಡರು. ಅವರಲ್ಲಿ ಬಹಳಷ್ಟು ಜನಕ್ಕೆ ಮೊದಲೇ ಕಿಡ್ನಿ ಕಾಯಿಲೆಯಿತ್ತು. ಕಿಡ್ನಿ ತೊಂದರೆಯಿದ್ದವರು ಕಾಡಿನ ಅಣಬೆಯನ್ನು ಮುಟ್ಟಬಾರದು. ಬೆಳೆಸಿದ್ದನ್ನೂ, ಪೊಟ್ಯಾಸಿಯಂ ಕಾರಣಕ್ಕೆ, ವೈದ್ಯರನ್ನು ಕೇಳಿಯೇ ತಿನ್ನಬೇಕು.